‘ಗಂಗ್ನಮ್ ಸ್ಟೈಲ್’: ಹಾಡು, ಹೆಜ್ಜೆ, ಅನುಕೃತಿ

ದಕ್ಷಿಣ ಕೊರಿಯಾದ ರಾಜಧಾನಿಯಾದ ಸಿಯೋಲ್ ನಗರದಲ್ಲಿ ೨೦೧೨ನೆಯ ಇಸವಿ ಜುಲೈ ೧೫ರಂದು ‘ಸೈ’ ಎಂಬ ಹೆಸರಿನ ಗಾಯಕನು ತನ್ನ ಆರನೆಯ ಗೀತಸಂಪುಟದ ಮೊದಲ ಭಾಗವನ್ನು ಪ್ರಕಟಿಸಿದನು. ಅದರಲ್ಲಿ ಸೇರಿದ್ದ ‘ಗಂಗ್ನಮ್ ಸ್ಟೈಲ್’ ಎಂಬ ಹಾಡನ್ನು ಅದೇ ವರ್ಷದ ಡಿಸೆಂಬರ್ ೨೧ರ ವೇಳೆಗೆ ಜನರು ಯೂಟ್ಯೂಬಿನಲ್ಲಿ ನೂರು ಕೋಟಿ ಸಲ ನೋಡಿದ್ದರು. ಅದಕ್ಕೆ ಮುಂಚೆ ಅಲ್ಲಿಯ ಯಾವ ದೃಶ್ಯಮುದ್ರಿಕೆಗೂ ಆ ಸಂಖ್ಯೆ ಲಭಿಸಿರಲಿಲ್ಲ. ಕೊರಿಯಾ ಭಾಷೆಯ ಒಂದಕ್ಷರವನ್ನೂ ಅರಿಯದ ಜನರು ಮದುವೆಯ ಮನೆಗಳಲ್ಲಿಯೂ ಶಾಲೆಯ ಅಂಗಳಗಳಲ್ಲಿಯೂ ಆಟದ ಬಯಲುಗಳಲ್ಲಿಯೂ ಅದಕ್ಕೆ ಕುಣಿದರು. ಇಷ್ಟು ಮಾತು ಎಲ್ಲರಿಗೂ ವಿದಿತವಾದದ್ದೇ. ಆದರೆ ಆ ಹಾಡು ಹೇಳುವುದೇನು, ಹೇಳಿದ್ದು ಕುಣಿದವರಿಗೆ ತಲಪಿತೇ, ತಲಪದಿದ್ದ ಪಕ್ಷದಲ್ಲಿ ಅವರ ಕೈಗೆ ಸಿಕ್ಕಿದ್ದು ಯಾವುದು ಎಂಬ ಪ್ರಶ್ನೆಗಳು ಅಷ್ಟಾಗಿ ಪರ್ಯಾಲೋಚನೆಗೆ ಒಳಗಾಗಿಲ್ಲ. ಈ ಹಾಡನ್ನು ಕುರಿತು ಎರಡು ಅಭಿಪ್ರಾಯಗಳು ಪ್ರಚಾರದಲ್ಲಿವೆ. ಇದು ಧನಮದವನ್ನು ಅಣಕಿಸುವ ತೀಕ್ಷ್ಣವಾದ ವಿಡಂಬನವೆಂದು ಒಂದು ಪಕ್ಷ. ಇದರಲ್ಲಿ ಅಂಥ ಅರ್ಥವೇನೂ ಇಲ್ಲ, ಬರಿಯ ಕೋಡಂಗಿತನವೇ ಜನಕ್ಕೆ ಹಿಡಿಸಿತೆಂದು ಇನ್ನೊಂದು. ಎರಡು ಪಕ್ಷದವರೂ ಹಾಡನ್ನು ಒಂದೇ ವಸ್ತುವೆಂದು ಭಾವಿಸಿರುವುದರಿಂದ ಈ ವಾದ ಬಗೆಹರಿದಿಲ್ಲವೆಂದು ತೋರುತ್ತದೆ. ಮಾತು, ಅಭಿನಯ, ಹೆಜ್ಜೆ ಎಂಬ ಮೂರು ಇಲ್ಲಿ ಬೇರೆಬೇರೆಯಾಗಿ ನಿಂತಿವೆ. ಅವುಗಳ ಭಾಗ್ಯವೂ ಬೇರೆಬೇರೆಯಾಯಿತು.

ಮೊದಲು ಹೆಸರಿನ ವಿಚಾರ. ‘ಗಂಗ್ನಮ್’ ಎಂದರೆ ನದಿಯ ತೆಂಕಣ ಭಾಗ ಎಂದರ್ಥ; ನದಿಯೆಂಬುದು ಇಲ್ಲಿ ಸಿಯೋಲ್ ನಗರವನ್ನು ಸೀಳಿಕೊಂಡು ಹರಿಯುವ ಹಾನ್. ೧೯೬೩ರಲ್ಲಿ ನಗರದ ಎಲ್ಲೆಗೆ ಸೇರುವ ತನಕ ಅದು ಹೊಲ ತೋಟಗಳ ಸೀಮೆಯಾಗಿತ್ತು. ೧೯೬೯ರಲ್ಲಿ ನದಿಗೆ ಹೊಸ ಸೇತುವೆಯಾಯಿತು. ೧೯೭೦ರಲ್ಲಿ ಬೂಸಾನ್ ಬಂದರಿಗೆ ಹೋಗುವ ಹೆದ್ದಾರಿ ಅಲ್ಲಿಂದ ಹೊರಟಿತು. ೧೯೭೫ರಲ್ಲಿ ಅದು ಪ್ರತ್ಯೇಕ ವಿಭಾಗವಾಯಿತು. ಮರುವರ್ಷ ರಾಜಧಾನಿಯ ಹಳೆಯ ಹೆಸರಾಂತ ಪ್ರೌಢಶಾಲೆಯಾದ ಕ್ಯೊಂಗಿ ಅಲ್ಲಿಗೆ ವರ್ಗವಾಯಿತು. ಒಳ್ಳೆಯ ಶಾಲೆಯನ್ನು ಹಿಂಬಾಲಿಸಿ ಹಣವಂತರು ಹೋದರು, ಹಣವಂತರನ್ನು ಹಿಂಬಾಲಿಸಿ ನೆಲದ ಬೆಲೆ ಏರಿತು. ಹೀಗೆ ಒಂದು ತಲೆಮಾರಿನೊಳಗೆ ಎದ್ದ ಸಿರಿ ಅದು. ಹಳೆಯ ಮನೆತನದ ಗಾಂಭೀರ್ಯ ಅದಕ್ಕಿಲ್ಲ. ಆದುದರಿಂದಲೇ ತನ್ನ ಇರವನ್ನು ಎದ್ದು ತೋರಿಸಿಕೊಳ್ಳುವ ಆತುರ ಹೆಚ್ಚು. ‘ಗಂಗ್ನಮ್’ ಎಂಬ ಶಬ್ದವನ್ನು ಕೇಳಿದೊಡನೆ ಕೊರಿಯಾದವನ ಮನಸ್ಸಿನಲ್ಲಿ ಏಳುವ ಅಸೂಯೆ, ಆಸೆ, ತಿರಸ್ಕಾರ ಇವುಗಳ ಬೆರಕೆಯನ್ನು ಅನುವಾದದಲ್ಲಿ ತರುವುದು ಅಸಾಧ್ಯ. ಹಾಡಿನ ಧ್ವನ್ಯರ್ಥವೆಲ್ಲ ಈ ಒಂದು ಶಬ್ದದ ಮೇಲೆ ನಿಂತಿದೆ.

ಹಾಡಿದವನ ನಿಜವಾದ ಹೆಸರು ಪಾರ್ಕ್ ಜೇ-ಸಾಂಗ್. ೧೯೭೭ರ ಡಿಸೆಂಬರ್ ೩೧ರಂದು ಹುಟ್ಟಿದವನು. ಅನುಕೂಲಸ್ಥನಾದ ಉದ್ಯಮಿಯ ಮಗ. ಹಾನ್ ನದಿಯ ಅದೇ ತೆಂಕಣ ದಡದಲ್ಲಿ ಬೆಳೆದವನು. ಅಮೆರಿಕೆಯ ಬಾಸ್ಟನ್ನಿನಲ್ಲಿ ಓದಲು ಹೋಗಿ, ವ್ಯಾಪಾರವಿದ್ಯೆಯನ್ನು ಬಿಟ್ಟು ಬರ್ಕ್ಲೀ ಸಂಗೀತಶಾಲೆಯನ್ನು ಸೇರಿ, ಅದನ್ನೂ ಮುಗಿಸದೆ ಊರಿಗೆ ಮರಳಿದನು. ೨೦೦೧ರಲ್ಲಿ ಬಂದ ಅವನ ಮೊದಲ ಸಂಪುಟಕ್ಕೆ ಅಸಭ್ಯವೆಂದು ದಂಡ ಬಿತ್ತು. ಮರುವರ್ಷದ ಎರಡನೆಯದನ್ನು ಹತ್ತೊಂಬತ್ತು ತುಂಬದವರಿಗೆ ಮಾರಕೂಡದೆಂದಾಯಿತು. ಕಡ್ಡಾಯದ ಸೇನಾಸೇವೆಗೆ ಪ್ರತಿಯಾಗಿ ಒಪ್ಪಿಕೊಂಡಿದ್ದ ಉದ್ಯೋಗವನ್ನು ಸರಿಯಾಗಿ ನಡಸಲಿಲ್ಲವೆಂಬ ಕಾರಣದಿಂದ ೨೦೦೭ರಲ್ಲಿ ಅವನನ್ನು ಮತ್ತೆ ಸೇನೆಗೆ ಕರೆದುಕೊಂಡರು. ೨೦೧೨ರಲ್ಲಿ ಅವನಿಗೆ ಮೂವತ್ತನಾಲ್ಕು ವರ್ಷ, ಸ್ಥೂಲವಾದ ಶರೀರ, ಸುಂದರರಾದ ಹದಿಹರೆಯದ ಗಾಯಕರನ್ನು ಎರಕ ಹೊಯ್ದಂತೆ ತಯಾರಿಸುತ್ತಿದ್ದ ಕೊರಿಯಾದ ಗೀತವ್ಯಾಪಾರದಲ್ಲಿ ಅವನು ಮೊದಲಿಂದಲೂ ಒಬ್ಬ ವಿದೂಷಕ. ಕವಿಯ ಚರಿತ್ರೆಯಿಂದ ಕಾವ್ಯವನ್ನು ಅಳೆಯುವುದು ಸಾಮಾನ್ಯವಾಗಿ ಸರಿಯಲ್ಲ. ಆದರೆ ಇಲ್ಲಿ ಅಣಕಿಸುವವನು ಅಣಕಕ್ಕೆ ಗುರಿಯಾದ ಸೀಮೆಯವನೇ ಎಂಬುದನ್ನು ಮರೆತರೆ ಹಾಸ್ಯದ ಬಗೆ ತಿಳಿಯುವುದಿಲ್ಲ. ಹೊರಗೆ ನಿಂತು ಕಲ್ಲೆಸೆಯುವ ಬಡವನ ಕೋಪ ಇದರಲ್ಲಿಲ್ಲ. ಒಳಗಿನವನ ಸಲಿಗೆ ಇದೆ.

ಹಾಡಿನ ಮಾತನ್ನು ನೋಡಿದರೆ ವಸ್ತು ಅತ್ಯಲ್ಪ. ಒಬ್ಬ ಗಂಡಸು ತಾನು ಮೆಚ್ಚುವ ಹೆಣ್ಣು ಎಂಥವಳೆಂದು ಬಣ್ಣಿಸುತ್ತಾನೆ: ಹಗಲು ಸೌಮ್ಯಳು, ಬಿಡುವಾಗಿ ಕೂತು ಕಾಫಿ ಕುಡಿಯುವ ಸುಖವನ್ನು ಬಲ್ಲವಳು, ಇರುಳಾದರೆ ಬೇರೊಬ್ಬಳೇ ಆಗುವವಳು. ಅನಂತರ ತನ್ನನ್ನು ಹೊಗಳಿಕೊಳ್ಳುತ್ತಾನೆ. ಅವಳ ಕಾಫಿಯ ಸಾವಧಾನಕ್ಕೆ ಎದುರಾಗಿ ತಾನು ಬಿಸಿ ಕಾಫಿಯನ್ನು ಆರುವ ಮುನ್ನವೇ ಒಂದೇ ಗುಟುಕಿಗೆ ಮುಗಿಸುವವನೆಂದು ಹೇಳುವಲ್ಲಿ ಮಾತ್ರ ಮಾತಿನೊಳಗೇ ನಗೆ ಇಣಿಕುತ್ತದೆ. ನಾಗರಿಕನೆಂದು ಹೊರಟವನು ಅಲ್ಲಿ ಸಿಕ್ಕಿಬೀಳುತ್ತಾನೆ. ಉಳಿದಂತೆ ಪದಗಳನ್ನೇ ಹಿಡಿದು ಓದಿದವನಿಗೆ ವಿಡಂಬನದ ಗುರುತು ಸಿಕ್ಕದು; ಬರಿಯ ಮಾತನ್ನು ಆಧಾರವಾಗಿಟ್ಟುಕೊಂಡು ಇದರಲ್ಲಿ ಸಮಾಜವಿಮರ್ಶೆ ತುಂಬಿದೆಯೆಂದು ವಾದಿಸಿದವರು ಕಲ್ಲಿನಲ್ಲಿ ಎಣ್ಣೆ ಹಿಂಡಿದ್ದಾರೆ.

ಪಲ್ಲವಿಯಲ್ಲಿ ಬರುವ ‘ಒಪ್ಪಾ’ ಎಂಬ ಸಂಬೋಧನೆಯ ವಿಷಯದಲ್ಲಿ ಸ್ವಲ್ಪ ನಿಲ್ಲಬೇಕು. ಹೆಂಗಸು ತನ್ನ ಅಣ್ಣನನ್ನು ಕರೆಯುವ ಶಬ್ದ ಅದು. ತನಗಿಂತ ಹಿರಿಯನಾದ ನಲ್ಲನನ್ನೂ ಅದೇ ಶಬ್ದದಿಂದ ಕರೆಯುತ್ತಾಳೆ. ಕನ್ನಡದಲ್ಲಿ ಇದಕ್ಕೆ ‘ಅಣ್ಣ’ ಎಂದು ಹಾಕಿದರೆ ಅರ್ಥವೇ ತಲೆಕೆಳಗಾದೀತು. ನಮ್ಮ ಜನಪದದ ಹಾಡುಗಳಲ್ಲಿ ಹೆಣ್ಣು ಮೆಚ್ಚಿದವನನ್ನು ‘ಮಾವ’, ‘ಭಾವ’ ಎಂದು ಕರೆಯುವ ರೂಢಿಯೇ ಹೆಚ್ಚು ಹತ್ತಿರದ್ದು. ಆದರೆ ಈ ಹಾಡಿನಲ್ಲಿ ಆ ಶಬ್ದವನ್ನು ಆಡುವವಳು ಹೆಣ್ಣಲ್ಲ. ಗಂಡಸು ತನ್ನನ್ನು ತಾನೇ ‘ಒಪ್ಪಾ’ ಎಂದುಕೊಳ್ಳುತ್ತಾನೆ. ಯಾರೂ ಕರೆಯದಿರುವಾಗ ತನ್ನನ್ನು ತಾನೇ ‘ನಿನ್ನ ಮಾವ’ ಎಂದು ಬೀದಿಯಲ್ಲಿ ಸಾರಿಕೊಂಡು ಹೋಗುವ ನಡುವಯಸ್ಸಿನ ಗಂಡಸನ್ನು ಕಲ್ಪಿಸಿಕೊಂಡರೆ ಕೊರಿಯಾದ ಕೇಳುಗರು ಏಕೆ ನಕ್ಕರೆಂಬುದು ತಿಳಿದೀತು. ಹೊರನಾಡಿನಲ್ಲಿ ಈ ಶಬ್ದ ಅರ್ಥವನ್ನು ಕಳೆದುಕೊಂಡು ತಾಳದ ಮೊದಲ ಪೆಟ್ಟಾಗಿ ಮಾತ್ರ ಉಳಿಯಿತು.

ವಿಡಂಬನವಿರುವುದು ಚೋ ಸೂ-ಹ್ಯುನ್ ನಿರ್ದೇಶಿಸಿದ, ನಾಲ್ಕು ನಿಮಿಷಕ್ಕೆ ತುಸು ಮೇಲ್ಪಟ್ಟ, ದೃಶ್ಯಮುದ್ರಿಕೆಯಲ್ಲಿ. ನಾಯಕನು ಸಮುದ್ರತೀರದಲ್ಲಿ ಬಿಸಿಲು ಕಾಯುತ್ತ ಮಲಗಿರುವಂತೆ ಮೊದಲು ಕಾಣುತ್ತದೆ. ಕ್ಯಾಮೆರಾ ಹಿಂದೆ ಸರಿದರೆ ಅದು ಮಕ್ಕಳು ಆಡುವ ಮರಳಿನ ಅಂಗಳ. ಇಬ್ಬರು ಸುಂದರಿಯರ ನಡುವೆ ಗಂಭೀರವಾಗಿ ನಡೆದು ಬರುತ್ತಿದ್ದರೆ ಗಾಳಿ ಬೀಸಿ ಕಸಕಡ್ಡಿ ನೊರೆಗಳು ಅವರ ಮುಖಕ್ಕೆ ಬಡಿಯುತ್ತವೆ. ವಿಲಾಸದ ಕೂಟವೆಂದು ತೋರುವುದು ಪ್ರವಾಸಕ್ಕೆ ಹೊರಟ ನಡುವಯಸ್ಸಿನ ಗೃಹಿಣಿಯರ ಬಸ್ಸು. ನೌಕಾವಿಹಾರವೆಂದರೆ ಹಾನ್ ನದಿಯ ಮೇಲೆ ಕಾಲಿನಿಂದ ತುಳಿದು ನಡಸುವ ಬಾಡಿಗೆಯ ದೋಣಿ. ಪ್ರಿಯೆಯ ದರ್ಶನವಾಗುವುದು ನೆಲದಡಿಯ ರೈಲಿನಲ್ಲಿ. ಗಂಗ್ನಮಿನ ಸಿರಿವಂತನೆಂದು ಹೇಳಿಕೊಳ್ಳುವವನು ಒಂದು ಸಲವೂ ಸಿರಿಯ ಸ್ಥಳದಲ್ಲಿ ಇಲ್ಲ. ಮುಖದಲ್ಲಿ ಮಾತ್ರ ಸಿರಿವಂತನ ಠೀವಿ ಕಿಂಚಿತ್ತೂ ಕುಂದುವುದಿಲ್ಲ. ಕಪ್ಪು ಕನ್ನಡಕ, ಒತ್ತಿ ಬಾಚಿದ ಕ್ರಾಪು, ಸರಿಯಾಗಿ ಹೊಲಿದ ಕೋಟು—ಶೌಚಾಲಯದಲ್ಲಿ ಕುಳಿತಾಗಲೂ ಅದೇ ಘನತೆ.

ಶೃಂಗಾರದ ಅನುಕರಣೆಯಿಂದ ಹಾಸ್ಯ ಹುಟ್ಟುತ್ತದೆಂಬ ಭರತನ ಮತ ಇಲ್ಲಿ ಸಹಜವಾಗಿ ನೆನಪಿಗೆ ಬರುತ್ತದೆ. ವಿಕೃತವಾದ ವೇಷ, ಮಾತು, ಚೇಷ್ಟೆಗಳನ್ನು ಅವನು ಹಾಸ್ಯದ ವಿಭಾವಗಳಲ್ಲಿ ಸೇರಿಸಿದ್ದಾನೆ. ‘ಗಂಗ್ನಮ್ ಸ್ಟೈಲ್’ ಈ ಲಕ್ಷಣಕ್ಕೆ ಒಳ್ಳೆಯ ಲಕ್ಷ್ಯ. ಶೃಂಗಾರಕ್ಕೆ ಬೇಕಾದ ಉದ್ಯಾನ, ಜಲಕ್ರೀಡೆ, ಮಂದಾನಿಲ, ಸಖೀಜನ ಎಲ್ಲ ಇವೆ. ಎಲ್ಲವೂ ಒಂದೊಂದು ಮೆಟ್ಟಿಲು ಕೆಳಗೆ ಇಳಿದಿವೆ. ನಾಯಕನ ಬಾಯಿಬಡಾಯಿಯನ್ನು ಕಂಡು ‘ಮೃಚ್ಛಕಟಿಕ’ದ ಶಕಾರನನ್ನು ನೆನೆಯುವವರು ಇರಬಹುದು. ಆದರೆ ಹೋಲಿಕೆ ಪೂರ್ಣವಾಗದು. ಶಕಾರನ ಹಿಂದೆ ರಾಜನ ಬಲವಿದೆ, ಅವನ ಮೂರ್ಖತನ ಅಪಾಯಕರವಾದದ್ದು. ಈ ನಾಯಕನಿಂದ ಒಂದು ನೊಣಕ್ಕೂ ಕೆಡುಕಿಲ್ಲ. ಬಡಾಯಿ ಶಕಾರನದು, ಹೊಟ್ಟೆಯೂ ಹೃದಯವೂ ವಿದೂಷಕನವು. ಧನದ ಮೇಲೆ ಕೋಪಗೊಂಡು ಇದನ್ನು ಬರೆದಿದ್ದಾನೆಂದು ಹೇಳುವವರಿಗೆ ಈ ಸೌಮ್ಯತೆಯೇ ಉತ್ತರ. ಇದರಲ್ಲಿ ಅರ್ಥವೇ ಇಲ್ಲವೆನ್ನುವವರು ಕ್ಯಾಮೆರಾ ಹಿಂದೆ ಸರಿಯುವ ಆ ಮೊದಲ ಕ್ಷಣವನ್ನು ಗಮನಿಸಿಲ್ಲ.

ಇನ್ನು ಹೆಜ್ಜೆ. ಸವಾರನು ಕುದುರೆಯ ಮೇಲೆ ಕುಪ್ಪಳಿಸುವ ಚಲನೆ ಅದು. ಕಾಲುಗಳು ಬಲ-ಎಡ-ಬಲ-ಬಲ, ಎಡ-ಬಲ-ಎಡ-ಎಡ ಎಂದು ನಾಲ್ಕು ನಾಲ್ಕು ಎಣಿಕೆಯಲ್ಲಿ ನಡೆಯುತ್ತವೆ. ಕೈಗಳು ಮಣಿಕಟ್ಟಿನಲ್ಲಿ ಒಂದರ ಮೇಲೊಂದು ಬಂದು ಲಗಾಮು ಹಿಡಿದಂತೆ ಏರಿಳಿಯುತ್ತವೆ. ಆಮೇಲೆ ಒಂದು ಕೈ ತಲೆಯ ಮೇಲೆ ಹಗ್ಗ ಬೀಸಿದಂತೆ ಸುತ್ತುತ್ತದೆ. ನಿಮಿಷಕ್ಕೆ ೧೩೨ ಬಡಿತದ ನಡೆ. ಆಯಾಸಪಡಿಸುವಷ್ಟು ವೇಗವಲ್ಲ, ಸುಮ್ಮನೆ ನಿಲ್ಲಗೊಡುವಷ್ಟು ನಿಧಾನವೂ ಅಲ್ಲ. ಪಲ್ಲವಿಗೆ ಮುಂಚೆ ವಾದ್ಯಗಳು ಏರುತ್ತ ಹೋಗಿ ತಟಕ್ಕನೆ ನಿಲ್ಲುತ್ತವೆ. ಆ ಮೌನದಲ್ಲಿ ಹಾಡಿನ ಹೆಸರನ್ನು ಉಚ್ಚರಿಸಿದೊಡನೆ ಹೆಜ್ಜೆ ಮೊದಲಾಗುತ್ತದೆ. ಎಲ್ಲಿಂದ ಎತ್ತಬೇಕೆಂಬುದು ತಾಳಜ್ಞಾನವಿಲ್ಲದವನಿಗೂ ತಪ್ಪುವುದಿಲ್ಲ. ಮೈಬಾಗು, ನೆಲದ ಮೇಲೆ ಹೊರಳುವುದು, ಹಾರಿ ತಿರುಗುವುದು ಮೊದಲಾದ ಅಭ್ಯಾಸಸಾಧ್ಯವಾದ ಕ್ರಿಯೆಗಳಾವುವೂ ಇಲ್ಲ. ಸ್ಥೂಲನಾದವನು ಮಾಡಿ ತೋರಿಸಿದ್ದನ್ನು ಯಾರು ತಾನೆ ಮಾಡಲಾರರು? ಈ ಸೌಲಭ್ಯವನ್ನು ಅದೃಷ್ಟವೆಂದು ತಳ್ಳಿಹಾಕುವುದು ನ್ಯಾಯವಲ್ಲ; ಇಷ್ಟು ಸುಲಭವಾದದ್ದನ್ನು ಕಂಡುಹಿಡಿಯುವುದು ಸುಲಭದ ಕೆಲಸವಲ್ಲ. ಕುದುರೆಯ ಸವಾರಿ ಸಿರಿವಂತರ ವಿನೋದ. ಆದರೆ ಇಲ್ಲಿ ಕುದುರೆಯಿಲ್ಲ, ಸವಾರಿಯ ಡೌಲು ಮಾತ್ರ ಇದೆ. ಹಾಡಿನ ವಸ್ತುವನ್ನು ಪದಗಳಿಗಿಂತಲೂ ಚೆನ್ನಾಗಿ ಈ ಹೆಜ್ಜೆಯೇ ಹೇಳುತ್ತದೆ.

ಮಾತು ಮತ್ತು ಹೆಜ್ಜೆಗಳ ಈ ಸಂಬಂಧವನ್ನು ಹಿಡಿದರೆ ಮುಂದಿನ ಚರಿತ್ರೆ ಸ್ಪಷ್ಟವಾಗುತ್ತದೆ. ಭಾವವನ್ನು ಆಶ್ರಯಿಸಿದ್ದು ನೃತ್ಯವೆಂದೂ ತಾಳಲಯಗಳನ್ನು ಆಶ್ರಯಿಸಿದ್ದು ನೃತ್ತವೆಂದೂ ಧನಂಜಯನು ‘ದಶರೂಪಕ’ದಲ್ಲಿ ವಿಭಾಗಿಸಿದ್ದಾನೆ. ಸೈಯ ಮೂಲಕೃತಿ ನೃತ್ಯ. ಅದು ಸಮುದ್ರವನ್ನು ದಾಟಿದಾಗ ದಾಟಿದ್ದು ನೃತ್ತ.

ದಾಟಿದ ವೇಗವಂತೂ ಆಶ್ಚರ್ಯಕರವಾದದ್ದು. ಸ್ವದೇಶದ ಗಾವೋನ್ ಪಟ್ಟಿಯಲ್ಲಿ ಮೊದಲ ಸ್ಥಾನವನ್ನು ಪಡೆದು ಅಲ್ಲಿಯೇ ಐದು ವಾರ ನಿಂತದ್ದರಲ್ಲಿ ವಿಶೇಷವಿಲ್ಲ. ಜುಲೈ ಕೊನೆಯಲ್ಲಿ ಅಮೆರಿಕೆಯ ಗಾಯಕ ಟಿ-ಪೇನ್ ಮೊದಲಾದವರು ಅದನ್ನು ಮೆಚ್ಚಿ ಇತರರಿಗೆ ತೋರಿಸಿದರು. ಸೆಪ್ಟೆಂಬರ್ ಮೊದಲಲ್ಲಿ ಅಲ್ಲಿಯ ಧ್ವನಿಮುದ್ರಣ ವ್ಯಾಪಾರಿಗಳೊಡನೆ ಸೈಗೆ ಕರಾರಾಯಿತು. ಸೆಪ್ಟೆಂಬರ್ ೩೦ರಂದು ಬ್ರಿಟನ್ನಿನ ಪಟ್ಟಿಯಲ್ಲಿ ಹಾಡು ಮೊದಲನೆಯದಾಯಿತು. ಅಮೆರಿಕೆಯ ಬಿಲ್‌ಬೋರ್ಡ್ ಪತ್ರಿಕೆಯ ನೂರು ಹಾಡುಗಳ ಪಟ್ಟಿಯಲ್ಲಿ ಅದು ೬೪ನೆಯದಾಗಿ ಪ್ರವೇಶಿಸಿ, ಮರುವಾರ ೧೧ಕ್ಕೂ ಅದರ ಮರುವಾರ ೨ಕ್ಕೂ ನೆಗೆಯಿತು. ಅಲ್ಲಿಗೆ ನಿಂತಿತು. ಏಳು ವಾರ ಎರಡನೆಯ ಸ್ಥಾನದಲ್ಲಿದ್ದರೂ ಮರೂನ್ ಫೈವ್ ತಂಡದ ‘ಒನ್ ಮೋರ್ ನೈಟ್’ ಎಂಬ ಹಾಡನ್ನು ಕೆಳಗಿಳಿಸಲು ಅದರಿಂದಾಗಲಿಲ್ಲ. ಎಣಿಕೆಯ ಕ್ರಮವೇ ಇದಕ್ಕೆ ಕಾರಣ. ಆಗಿನ ಪಟ್ಟಿಗೆ ಮಾರಾಟವೂ ರೇಡಿಯೋ ಪ್ರಸಾರವೂ ಮುಖ್ಯ. ಯೂಟ್ಯೂಬಿನಲ್ಲಿ ನೋಡಿದ್ದು ಲೆಕ್ಕಕ್ಕೆ ಸೇರುತ್ತಿರಲಿಲ್ಲ. ಅಮೆರಿಕೆಯ ರೇಡಿಯೋದವರು ಕೊರಿಯಾ ಭಾಷೆಯ ಹಾಡನ್ನು ಅಳುಕಿನಿಂದಲೇ ಹಾಕುತ್ತಿದ್ದರು. ೨೦೧೩ರ ಫೆಬ್ರವರಿಯಲ್ಲಿ ಬಿಲ್‌ಬೋರ್ಡಿನವರು ನಿಯಮವನ್ನು ಬದಲಿಸಿ ಯೂಟ್ಯೂಬಿನ ನೋಟಗಳನ್ನೂ ಎಣಿಸತೊಡಗಿದರು. ಆ ವಾರವೇ ‘ಹಾರ್ಲೆಮ್ ಶೇಕ್’ ಎಂಬ, ಜನರ ಕುಣಿತದ ಚಿತ್ರಗಳಿಂದಲೇ ಹರಡಿದ ಇನ್ನೊಂದು ಹಾಡು ನೇರವಾಗಿ ಮೊದಲ ಸ್ಥಾನಕ್ಕೆ ಬಂದಿತು. ಬೇಲಿಯನ್ನು ಬೀಳಿಸಿದವನೊಬ್ಬ, ಒಳಗೆ ಬಂದವನು ಇನ್ನೊಬ್ಬ. ಯಾವುದೇ ಕಾಲದ ಜನಪ್ರಿಯತೆಯ ಪಟ್ಟಿಯನ್ನು ಜನರ ರುಚಿಗೆ ಹಿಡಿದ ಕನ್ನಡಿಯೆಂದು ಎಣಿಸಿ ಗ್ರಂಥ ರಚಿಸುವವರು ಈ ಪ್ರಸಂಗವನ್ನು ನೆನಪಿನಲ್ಲಿಟ್ಟರೆ ಒಳ್ಳೆಯದು.

ಇದಕ್ಕೆ ಸೇರಿದ ಒಂದು ಸ್ವಾರಸ್ಯವುಂಟು. ಯೂಟ್ಯೂಬಿನ ಎಣಿಕೆಯ ಯಂತ್ರವು ೨,೧೪,೭೪,೮೩,೬೪೭ ಎಂಬ ಸಂಖ್ಯೆಯವರೆಗೆ ಮಾತ್ರ ಎಣಿಸುವಂತೆ ರಚಿತವಾಗಿತ್ತು. ಅದಕ್ಕಿಂತ ಹೆಚ್ಚು ಸಲ ಯಾರೂ ಏನನ್ನೂ ನೋಡಲಾರರೆಂದು ಭಾವಿಸಿದ್ದರು. ಈ ಹಾಡಿಗಾಗಿ ಅದನ್ನು ಬದಲಿಸಬೇಕಾಯಿತೆಂಬುದನ್ನು ೨೦೧೪ರ ಡಿಸೆಂಬರಿನಲ್ಲಿ ಅವರೇ ವಿನೋದವಾಗಿ ಪ್ರಕಟಿಸಿದರು. ಅತಿ ಹೆಚ್ಚು ನೋಟಗಳ ಆ ಪಟ್ಟ ೨೦೧೭ರ ಜುಲೈವರೆಗೆ ಇದರದಾಗಿತ್ತು.

ಅನುಕೃತಿಗಳಲ್ಲಿ ಒಂದು ಗಾಯಕನ ಮನೆಯಿಂದಲೇ ಹೊರಟಿತು. ನೆಲದಡಿಯ ರೈಲಿನ ದೃಶ್ಯದಲ್ಲಿ ಪ್ರಿಯೆಯಾಗಿ ಬರುವ ಹ್ಯುನಾ ಎಂಬ ಗಾಯಿಕೆಯನ್ನು ಕೂಡಿಕೊಂಡು ೨೦೧೨ರ ಆಗಸ್ಟ್ ೧೪ರಂದು ಸೈ ಹೆಣ್ಣಿನ ಕಡೆಯ ಪಾಠವೊಂದನ್ನು ಹೊರತಂದನು. ‘ಒಪ್ಪಾ’ ಎಂಬ ಸಂಬೋಧನೆಯನ್ನು ಅದರ ನ್ಯಾಯವಾದ ಅಧಿಕಾರಿಣಿಗೆ ಒಪ್ಪಿಸಿದ್ದು ಒಳ್ಳೆಯ ಉಪಾಯವೇ. ಆದರೆ ಫಲ ದುರ್ಬಲ. ಕರೆಯಬೇಕಾದವಳು ನಿಜವಾಗಿಯೂ ಕರೆದುಬಿಟ್ಟರೆ ನಾಯಕನ ಬಡಾಯಿ ಬಡಾಯಿಯಾಗಿ ಉಳಿಯುವುದಿಲ್ಲ. ಹಾಸ್ಯ ಹಿಂದಕ್ಕೆ ಸರಿದು ಶೃಂಗಾರವಾಗುತ್ತದೆ, ಅದೂ ಸಾಧಾರಣವಾದ ಶೃಂಗಾರ.

ಅನಂತರ ಬಂದವುಗಳನ್ನು ಎಣಿಸುವುದಾಗದು. ಸೆಪ್ಟೆಂಬರಿನಲ್ಲಿ ಸೈ ಅಮೆರಿಕೆಯ ದೂರದರ್ಶನದಲ್ಲಿ ಬ್ರಿಟ್ನಿ ಸ್ಪಿಯರ್ಸ್ ಎಂಬ ಗಾಯಿಕೆಗೆ ಹೆಜ್ಜೆಯನ್ನು ಕಲಿಸಿದನು. ಅಕ್ಟೋಬರಿನಲ್ಲಿ ಸಂಯುಕ್ತ ರಾಷ್ಟ್ರಸಂಘದ ಪ್ರಧಾನ ಕಾರ್ಯದರ್ಶಿಗಳಾಗಿದ್ದ ಬಾನ್ ಕಿ-ಮೂನ್ ಅವರು ಅವನೊಡನೆ ಎರಡು ಹೆಜ್ಜೆ ಹಾಕಿದರು. ನವೆಂಬರ್ ೫ರಂದು ಪ್ಯಾರಿಸಿನ ಟ್ರೊಕಾಡೆರೋ ಬಯಲಿನಲ್ಲಿ ಸುಮಾರು ೨೦,೦೦೦ ಜನ ಸೇರಿ ಕುಣಿದರು. ಅಮೆರಿಕೆಯ ಬಾಹ್ಯಾಕಾಶ ಸಂಸ್ಥೆಯ ಹ್ಯೂಸ್ಟನ್ ಕೇಂದ್ರದ ವಿದ್ಯಾರ್ಥಿಗಳು ತಮ್ಮ ಕೆಲಸವನ್ನೇ ವಸ್ತುವಾಗಿಸಿ ಹೊಸ ಸಾಹಿತ್ಯ ಕಟ್ಟಿದರು. ಕ್ಯಾಲಿಫೋರ್ನಿಯದ ಎಲ್ ಮಾಂಟೆ ಪಟ್ಟಣದಲ್ಲಿ ಈಜುಕೊಳದ ೧೪ ಜನ ರಕ್ಷಕರು ಸರಕಾರಿ ಉಡುಪಿನಲ್ಲಿ ಕುಣಿದು ಕೆಲಸವನ್ನು ಕಳೆದುಕೊಂಡರು. ಅಕ್ಟೋಬರ್ ೭ರಂದು ಕೊಲಂಬೋದಲ್ಲಿ ಇಪ್ಪತ್ತು ಓವರುಗಳ ವಿಶ್ವಕಪ್ಪನ್ನು ಗೆದ್ದ ವೆಸ್ಟ್ ಇಂಡೀಸಿನ ಆಟಗಾರರು ಮೈದಾನದಲ್ಲಿಯೇ ಈ ಹೆಜ್ಜೆಯನ್ನಿಟ್ಟರು. ಅವರಲ್ಲಿ ಮುಂದಾಳಾದ ಕ್ರಿಸ್ ಗೇಲ್ ಆ ವೇಳೆಗೆ ಬೆಂಗಳೂರಿನ ತಂಡದ ಆಟಗಾರನಾಗಿ ಕನ್ನಡನಾಡಿನ ಹುಡುಗರಿಗೆ ಮನೆಮಾತಾಗಿದ್ದನು. ಕೊರಿಯಾದ ಕುದುರೆ ಕೆರಿಬಿಯನ್ ದ್ವೀಪದವನನ್ನು ಏರಿಸಿಕೊಂಡು ಲಂಕೆಯಿಂದ ಚಿನ್ನಸ್ವಾಮಿ ಕ್ರೀಡಾಂಗಣದ ಅಭಿಮಾನಿಗಳ ಕಣ್ಣಿಗೆ ಬಿದ್ದಿತೆಂದು ಹೇಳಿದರೆ ಅತಿಶಯೋಕ್ತಿಯಲ್ಲ.

ಇವುಗಳಲ್ಲಿ ಗಂಗ್ನಮ್ ಎಲ್ಲಿದೆ? ಎಲ್ಲಿಯೂ ಇಲ್ಲ. ಟ್ರೊಕಾಡೆರೋದಲ್ಲಿ ಕುಣಿದವರು ಯಾರ ಸಿರಿಯನ್ನೂ ಅಣಕಿಸಲಿಲ್ಲ. ಗೇಲ್ ಗೆದ್ದ ಸಂತೋಷಕ್ಕೆ ಕುಣಿದನು. ಶೃಂಗಾರದ ಅನುಕೃತಿ ಹಾಸ್ಯವಾದರೆ ಆ ಹಾಸ್ಯದ ಅನುಕೃತಿ ಏನಾಗುತ್ತದೆಂಬುದನ್ನು ಲಾಕ್ಷಣಿಕರು ವಿಚಾರಿಸಿದಂತೆ ಕಾಣುವುದಿಲ್ಲ. ಈ ಉದಾಹರಣೆಗಳನ್ನು ನೋಡಿದರೆ ಅದು ಉತ್ಸವವಾಗುತ್ತದೆಂದು ಹೇಳಬೇಕು. ರಸವೆನ್ನಲು ಅದಕ್ಕೆ ಆಲಂಬನವಿಲ್ಲ. ವ್ಯರ್ಥವೆನ್ನಲು ಜನರ ಮುಖದ ಮೇಲಿನ ಹರ್ಷ ಅಡ್ಡಬರುತ್ತದೆ.

ಅರ್ಥವನ್ನು ಕಡಲಿನಲ್ಲಿ ಚೆಲ್ಲಿ ದಡ ಸೇರಿದ ಹಾಡು ಇದೊಂದೇ ಅಲ್ಲ. ೧೯೬೦ರಲ್ಲಿ ಅಮೆರಿಕೆಯೊಡನೆ ಆದ ಭದ್ರತಾ ಒಪ್ಪಂದವನ್ನು ಪ್ರತಿಭಟಿಸಿದ ಮೆರವಣಿಗೆಯಿಂದ ನಿರಾಶನಾಗಿ ಮರಳಿದ ಜಪಾನಿನ ಕವಿ ಎಯ್ ರೊಕುಸುಕೆ ಆ ದುಃಖದಿಂದ ಒಂದು ಹಾಡು ಬರೆದನು. ಸಕಾಮೋಟೊ ಕ್ಯೂ ಹಾಡಿದ ಅದು ೧೯೬೩ರಲ್ಲಿ ಅಮೆರಿಕೆಯ ಪಟ್ಟಿಯಲ್ಲಿ ಮೂರು ವಾರ ಮೊದಲನೆಯದಾಗಿದ್ದಾಗ ಅದಕ್ಕೆ ಅಲ್ಲಿ ಇದ್ದ ಹೆಸರು ‘ಸುಕಿಯಾಕಿ’—ಮಾಂಸದ ಒಂದು ಅಡುಗೆಯದು! ಸ್ಪೇನಿನ ‘ಮಾಕಾರೆನಾ’ದ ಕಥೆ ಇನ್ನೂ ಹತ್ತಿರದ್ದು. ಸೆವಿಲ್ಯ ನಗರದ ಬಳಿಯ ದೋಸ್ ಎರ್ಮಾನಾಸ್ ಊರಿನ ಲೋಸ್ ದೆಲ್ ರೀಓ ಎಂಬ ಇಬ್ಬರು ಗಾಯಕರು ೧೯೯೩ರಲ್ಲಿ ಅದನ್ನು ಹೊರತಂದರು; ಇಂಗ್ಲಿಷ್ ಸಾಲುಗಳನ್ನು ಸೇರಿಸಿದ ಮಯಾಮಿಯ ಪಾಠವು ೧೯೯೬ರಲ್ಲಿ ಬಿಲ್‌ಬೋರ್ಡಿನ ಪಟ್ಟಿಯಲ್ಲಿ ೧೪ ವಾರ ಮೊದಲನೆಯದಾಗಿ ನಿಂತಿತು. ನಲ್ಲನು ಸೇನೆಗೆ ಸೇರುವ ದಿನವೇ ಅವನ ಗೆಳೆಯರೊಡನೆ ಕೂಡುವ ಹೆಣ್ಣಿನ ಕಥೆ ಅದು. ಚಿಕ್ಕ ಮಕ್ಕಳೂ ಅಮೆರಿಕೆಯ ಡೆಮೊಕ್ರಾಟಿಕ್ ಪಕ್ಷದ ಮಹಾಧಿವೇಶನದ ಪ್ರತಿನಿಧಿಗಳೂ ಅದಕ್ಕೆ ಕೈತಿರುಗಿಸಿ ಕುಣಿದರು. ಆದರೆ ಎರಡಕ್ಕೂ ಒಂದು ಭೇದವಿದೆ. ಮಾಕಾರೆನಾದ ಕೈಚಲನೆಗೂ ಕಥೆಗೂ ಸಂಬಂಧವಿಲ್ಲ. ಅಲ್ಲಿ ಹೆಜ್ಜೆಯನ್ನು ಎಷ್ಟು ಸಲ ಮಾಡಿದರೂ ಅರ್ಥ ಹಿಂದಿರುಗದು. ಸೈಯ ಹೆಜ್ಜೆಯ ಹೊಟ್ಟೆಯಲ್ಲಿ ಡೌಲಿನ ಅಣಕ ಬೀಜದಂತೆ ಉಳಿದಿತ್ತು. ತಕ್ಕ ನೆಲ ಸಿಕ್ಕಿದಾಗ ಅದು ಮೊಳೆಯಿತು.

ಮೊಳೆತ ಎರಡು ಸ್ಥಳಗಳನ್ನು ಇಲ್ಲಿ ಹೇಳಬೇಕು. ೨೦೧೨ರ ಸೆಪ್ಟೆಂಬರಿನಲ್ಲಿ ಉತ್ತರ ಕೊರಿಯಾದ ಸರಕಾರದ ಪ್ರಚಾರಶಾಖೆಯು ದಕ್ಷಿಣದಲ್ಲಿ ಅಧ್ಯಕ್ಷ ಪದವಿಗೆ ಸ್ಪರ್ಧಿಸುತ್ತಿದ್ದ ಪಾರ್ಕ್ ಗುನ್-ಹೇ ಎಂಬಾಕೆಯ ಚಿತ್ರಕ್ಕೆ ಈ ಹೆಜ್ಜೆಯನ್ನು ಅಂಟಿಸಿ, ಆಕೆಯ ‘ಸ್ಟೈಲ್’ ಯುಶಿನ್ ಎಂದು ಅಣಕಿಸಿತು. ಯುಶಿನ್ ಎಂದರೆ ಆಕೆಯ ತಂದೆ ಪಾರ್ಕ್ ಚುಂಗ್-ಹೀ ೧೯೭೨ರಲ್ಲಿ ಹೇರಿದ ಸರ್ವಾಧಿಕಾರದ ಸಂವಿಧಾನ. ಗಂಗ್ನಮ್ ಬೆಳೆದದ್ದು ಬಹುಮಟ್ಟಿಗೆ ಆತನ ಆಳ್ವಿಕೆಯಲ್ಲಿಯೇ ಎಂಬುದನ್ನು ನೆನೆದರೆ ಈ ಒರಟು ಪ್ರಚಾರಕ್ಕೂ ಒಂದು ಮೊನೆ ಇದೆಯೆಂದು ತಿಳಿಯುತ್ತದೆ. ಸರ್ವಾಧಿಕಾರವನ್ನು ಹಳಿಯಲು ಹೊರಟವರು ಯಾರೆಂಬುದು ಬೇರೆಯ ಹಾಸ್ಯ.

ಎರಡನೆಯದು ಗುಣದಲ್ಲಿ ಮೇಲಾದದ್ದು. ೨೦೧೧ರಲ್ಲಿ ೮೧ ದಿನ ಸೆರೆಯಲ್ಲಿದ್ದು ಬಂದ ಚೀನಾದ ಕಲಾವಿದ ಐ ವೇಯ್‌ವೇಯ್ ೨೦೧೨ರ ಅಕ್ಟೋಬರಿನಲ್ಲಿ ಬೀಜಿಂಗಿನ ತನ್ನ ಮನೆಯಂಗಳದಲ್ಲಿ ಗೆಳೆಯರೊಡನೆ ಈ ಕುಣಿತವನ್ನು ಕುಣಿದು, ನಡುವೆ ಒಂದು ಜೊತೆ ಕೈಕೋಳವನ್ನು ಹೊರಗೆ ತೆಗೆದನು. ಚೀನಾದ ಜಾಲತಾಣಗಳಿಂದ ಆ ಚಿತ್ರ ಬೇಗನೆ ಮಾಯವಾಯಿತು. ಅವನು ಅದಕ್ಕೆ ಕೊಟ್ಟ ಹೆಸರಿನಲ್ಲಿಯೂ ಒಂದು ಕುದುರೆ ಇದೆ: ‘ಹುಲ್ಲು-ಕೆಸರಿನ ಕುದುರೆ’; ಚೀನೀ ಭಾಷೆಯಲ್ಲಿ ಉಚ್ಚಾರಣೆಯನ್ನು ತುಸು ಬದಲಿಸಿದರೆ ಬೈಗುಳವಾಗುವ, ಸರಕಾರದ ಕತ್ತರಿಯನ್ನು ಹಾಸ್ಯಮಾಡಲು ಜನ ಕಂಡುಕೊಂಡ ಶ್ಲೇಷೆ. ಮೂಲದಲ್ಲಿ ಲಗಾಮು ಹಿಡಿಯಲು ಒಂದರ ಮೇಲೊಂದು ಬಂದ ಮಣಿಕಟ್ಟುಗಳು ಇಲ್ಲಿ ಕೋಳ ತೊಡಿಸಿಕೊಂಡ ಮಣಿಕಟ್ಟುಗಳಾದವು. ಒಂದು ಬೆರಳನ್ನೂ ಕದಲಿಸದೆ ಮುದ್ರೆಯ ಅರ್ಥ ತಿರುಗಿತು. ನೃತ್ತವಾಗಿ ಹೋದದ್ದು ಮತ್ತೆ ನೃತ್ಯವಾದದ್ದು ಹೀಗೆ. ಮರುತಿಂಗಳು ಶಿಲ್ಪಿ ಅನೀಶ್ ಕಪೂರ್ ಲಂಡನ್ನಿನಲ್ಲಿ ಕಲಾಶಾಲೆಗಳವರನ್ನು ಕೂಡಿಸಿ ಇದಕ್ಕೆ ಬೆಂಬಲವಾಗಿ ಇನ್ನೊಂದು ಚಿತ್ರ ಮಾಡಿದನು. ಉದ್ದೇಶ ಸ್ತುತ್ಯವಾದರೂ, ಕೋಳದ ಭಯವಿಲ್ಲದವರು ಆಡಿದಾಗ ಆ ಮುದ್ರೆ ಸಪ್ಪೆಯಾಗಿ ಕಾಣುತ್ತದೆ.

ಇಲ್ಲಿ ಒಂದು ಆಕ್ಷೇಪಕ್ಕೆ ಉತ್ತರ ಹೇಳಬೇಕು. ಪಾಶ್ಚಾತ್ಯರು ನಕ್ಕದ್ದು ಗಂಗ್ನಮಿನ ಡೌಲನ್ನು ಕಂಡಲ್ಲ, ದಪ್ಪನಾದ ಏಷ್ಯಾದ ಗಂಡಸೊಬ್ಬನು ಕುಣಿಯುವುದನ್ನು ಕಂಡು; ಪೂರ್ವದೇಶದ ಪುರುಷನನ್ನು ಕೋಡಂಗಿಯೆಂದೇ ಎಣಿಸುವ ಹಳೆಯ ಅಭ್ಯಾಸಕ್ಕೆ ಇದು ಹೊಸ ಆಹಾರವಾಯಿತು ಎಂದು ಕೆಲವರ ವಾದ. ಇದನ್ನು ಅಲ್ಲಗಳೆಯಲಾಗದು. ಚಂದದ ಮುಖದ ಕೊರಿಯಾದ ಗಾಯಕರು ವರ್ಷಗಟ್ಟಲೆ ಪ್ರಯತ್ನಿಸಿಯೂ ತೆರೆಯದ ಬಾಗಿಲು ವಿದೂಷಕನಿಗೆ ತೆರೆಯಿತು. ಬಿಟಿಎಸ್ ತಂಡದ ‘ಡೈನಮೈಟ್’ ಬಿಲ್‌ಬೋರ್ಡಿನ ಮೊದಲ ಸ್ಥಾನವನ್ನು ಹತ್ತಿದ್ದು ೨೦೨೦ರಲ್ಲಿ, ಅದೂ ಇಂಗ್ಲಿಷಿನಲ್ಲಿ ಹಾಡಿ. ಆದರೆ ನಕ್ಕವರ ಕಾರಣ ಅಲ್ಪವಾಗಿದ್ದ ಮಾತ್ರಕ್ಕೆ ನಗಿಸಿದವನ ಕೃತಿ ಅಲ್ಪವಾಗಲಾರದು. ತನ್ನನ್ನು ನಗೆಗೀಡು ಮಾಡಿಕೊಳ್ಳುವುದನ್ನು ಸೈ ಅವರಿಗಾಗಿ ಕಲಿತದ್ದಲ್ಲ. ಹತ್ತು ವರ್ಷಕ್ಕೂ ಮೇಲೆ ತನ್ನವರ ಮುಂದೆ, ತನ್ನವರ ಭಾಷೆಯಲ್ಲಿ ಅಭ್ಯಾಸಮಾಡಿದ್ದನು. ಸ್ವದೇಶದ ಮೆಚ್ಚಿಕೆ ಮೊದಲು ಬಂದಿತು, ಪರದೇಶದ್ದು ಆಮೇಲೆ.

ಸಿಯೋಲಿನವರು ೨೦೧೬ರಲ್ಲಿ ಗಂಗ್ನಮ್ ವಿಭಾಗದಲ್ಲಿ ಈ ಹಾಡಿಗೆ ಒಂದ ಸ್ಮಾರಕವನ್ನು ನಿಲ್ಲಿಸಿದರು. ಅದರಲ್ಲಿ ಗಾಯಕನ ಮುಖವಿಲ್ಲ. ಲಗಾಮು ಹಿಡಿದ ಎರಡು ದೊಡ್ಡ ಲೋಹದ ಕೈಗಳು ಮಾತ್ರ. ಪ್ರವಾಸಿಗಳು ಅದರ ಕೆಳಗೆ ನಿಂತು ಚಿತ್ರ ತೆಗೆಸಿಕೊಳ್ಳುತ್ತಾರೆ. ತನ್ನನ್ನು ಅಣಕಿಸಿದ ಹಾಡನ್ನೇ ಆ ಬಡಾವಣೆ ತನ್ನ ಬಿರುದಾಗಿ ಧರಿಸಿಕೊಂಡದ್ದು ಸಿರಿವಂತಿಕೆಗೆ ಸ್ವಭಾವವಾದ ಜೀರ್ಣಶಕ್ತಿ.

ಸೈಯ ಮುಂದಿನ ಹಾಡಾದ ‘ಜಂಟಲ್‌ಮನ್’ ೨೦೧೩ರ ಏಪ್ರಿಲಿನಲ್ಲಿ ಬಂದಿತು. ಹಿಂದಿನದರ ಕೀರ್ತಿಬಲದಿಂದ ಅದನ್ನು ನೋಡಿದವರ ಸಂಖ್ಯೆ ಮೊದಲ ದಿನವೇ ಹಿಂದಿನ ದಾಖಲೆಗಳನ್ನು ಮೀರಿತು. ಬಿಲ್‌ಬೋರ್ಡಿನಲ್ಲಿ ಐದನೆಯ ಸ್ಥಾನ ಸಿಕ್ಕಿತು. ದಾರಿಯಲ್ಲಿ ನಿಲ್ಲಿಸಿದ್ದ ಸರಕಾರಿ ಸೂಚನಾಫಲಕವನ್ನು ಒದೆಯುವ ದೃಶ್ಯವಿದೆಯೆಂದು ಕೊರಿಯಾದ ಕೆಬಿಎಸ್ ವಾಹಿನಿ ಅದರ ಪ್ರಸಾರವನ್ನು ನಿಲ್ಲಿಸಿತು. ಕೃತಿಯಾಗಿ ಅದು ಕೆಳಗಿನದು. ‘ಗಂಗ್ನಮ್ ಸ್ಟೈಲ್’ನಲ್ಲಿ ಪೆಟ್ಟು ತಿನ್ನುವವನು ನಾಯಕ, ‘ಜಂಟಲ್‌ಮನ್’ನಲ್ಲಿ ಅವನು ಕುಳಿತುಕೊಳ್ಳುವ ಹೆಂಗಸಿನ ಕುರ್ಚಿಯನ್ನು ಎಳೆಯುತ್ತಾನೆ. ವಿದೂಷಕನು ಹೋಗಿ ಶಕಾರನೇ ಉಳಿದನು. ಹೆಜ್ಜೆಯೂ ಅವನದಲ್ಲ, ಬ್ರೌನ್ ಐಡ್ ಗರ್ಲ್ಸ್ ಎಂಬ ಗಾಯಿಕೆಯರ ತಂಡದ ‘ಅಬ್ರಕಡಬ್ರ’ ಎಂಬ ೨೦೦೯ರ ಹಾಡಿನದು. ಆದರೆ ಅದನ್ನು ಅವನು ಸುಮ್ಮನೆ ಎತ್ತಿಕೊಳ್ಳಲಿಲ್ಲ. ಹೆಜ್ಜೆಯನ್ನು ಹೆಣೆದವರಿಗೆ ಹಣ ಕೊಟ್ಟು ಹಕ್ಕನ್ನು ಪಡೆದನು. ತನ್ನ ಹೆಜ್ಜೆಯನ್ನು ಲೋಕವೆಲ್ಲ ಕೇಳದೆ ಎತ್ತಿಕೊಂಡದ್ದನ್ನು ಕಂಡವನು ಇನ್ನೊಬ್ಬರ ಹೆಜ್ಜೆಗೆ ಬೆಲೆ ತೆತ್ತನೆಂಬುದು ಹಾಡಿಗಿಂತ ಹೆಚ್ಚು ನೆನಪಿನಲ್ಲಿಡತಕ್ಕ ಸಂಗತಿ. ಆ ತಂಡದ ಗಾ-ಇನ್ ಎಂಬ ಗಾಯಿಕೆ ಅವನಿಗೆ ಸರಿಸಾಟಿಯಾಗಿ ಬಂದು ಕುಣಿಯುವ ಭಾಗವೊಂದೇ ಆ ಚಿತ್ರದಲ್ಲಿ ಹಿಂದಿನ ಹಾಸ್ಯದ ಹತ್ತಿರಕ್ಕೆ ಬರುತ್ತದೆ.